ಎಮ್ಮೆ ಒಪ್ಪಿದ ನೀರು

ಕಲ್ಹಾಳದ ಅರಸ ವೀರಸೋಮ ತನ್ನ ರಾಜ್ಯದಲ್ಲಿ ಒಂದೂ ಕೆಟ್ಟ ಬಾವಿಯಿಲ್ಲವೆಂದು ಬಂದವರೆದುರೆಲ್ಲ ಕೊಚ್ಚಿಕೊಳ್ಳುತ್ತಿದ್ದ. ಆ ಮಾತಿಗೆ ಮುದ್ರೆ ಒತ್ತುತ್ತಿದ್ದವರು ಆಸ್ಥಾನ ವೈದ್ಯ ತ್ರಿಯಂಬಕ ಪಂಡಿತರು.

ಒಂದು ದಿನ ಕುಂಬಾರಗೇರಿಯ ದ್ಯಾವವ್ವ ಸಭೆಗೆ ಬಂದು ಅತ್ತಳು. ಬಟ್ಟೆಗೆ ನೀಲಿ ಬಣ್ಣ ಹಾಕುವ ಅರಮನೆಯ ತೊಟ್ಟಿಗಳ ಕೊಳಕು ಕೇರಿಯ ಬಾವಿಗೆ ಇಳಿಯುತ್ತಿತ್ತಂತೆ. ಮಕ್ಕಳೆಲ್ಲ ಹೊಟ್ಟೆನೋವಿನಿಂದ ಮಲಗಿದ್ದರು, ಅವಳ ಮೊಮ್ಮಗಳು ಎಂಟು ದಿನದಿಂದ ಗಂಜಿಯನ್ನೂ ಮುಟ್ಟಿರಲಿಲ್ಲ. ಪಂಡಿತರು ಕೇರಿಗೆ ಹೋಗಿ ಬಾವಿಯ ನೀರನ್ನು ಒಂದು ಎಮ್ಮೆಯ ಮುಂದಿಟ್ಟರು. ಎಮ್ಮೆ ಗಟಗಟ ಕುಡಿಯಿತು. ನೀರು ಶುದ್ಧವೆಂದು ಬರೆದುಕೊಟ್ಟು ಬಂದರು.

ವಿದೂಷಕ ಓಬಯ್ಯನಿಗೆ ಮೈ ಉರಿಯಿತು. ಕೆಸರಲ್ಲೇ ಹೊರಳುವ ಎಮ್ಮೆ ಯಾವ ನೀರನ್ನು ಬೇಡವೆಂದೀತು? ಅರಮನೆಯ ಬಾವಿಯಾದರೆ ಇದೇ ಪಂಡಿತರು ಮೀನು ಬಿಟ್ಟು ನೋಡುತ್ತಿದ್ದರು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ.

ಮರುದಿನ ಅವನು ಎರಡು ಕೊಡ ನೀರು ತಂದು ಸಭೆಯಲ್ಲಿಟ್ಟ. ಒಂದು ತಾಮ್ರದ್ದು, ಇನ್ನೊಂದು ಮಣ್ಣಿನದು. ಅರಸರ ಎದುರಿಗೇ ಪರೀಕ್ಷೆಯಾಗಲಿ ಎಂದು ಕೈಮುಗಿದ. ಎಲ್ಲಿಯ ನೀರೆಂದು ಅವನು ಹೇಳಲಿಲ್ಲ, ಪಂಡಿತರು ಕೇಳಲೂ ಇಲ್ಲ. ತಾಮ್ರದ ಕೊಡ ಕಂಡು ಮೀನು ತರಿಸಿದರು, ಮಣ್ಣಿನ ಕೊಡ ಕಂಡು ಎಮ್ಮೆ ತರಿಸಿದರು.

ಎಮ್ಮೆ ನೀರು ಕುಡಿದು ಬಾಲ ಬೀಸಿತು. ಮೀನು ಊಟದ ಹೊತ್ತಿಗೆ ಸತ್ತು ತೇಲಿತು.

ಪಂಡಿತರು ಕೊಡದಿಂದ ಹಿಂದೆ ಸರಿದರು. "ಮಹಾಪ್ರಭು, ಮಣ್ಣಿನ ಕೊಡದ್ದು ಶುದ್ಧ. ತಾಮ್ರದ ಕೊಡದ್ದು ವಿಷ. ಇವತ್ತಿನಿಂದ ಅರಮನೆಯ ಬಾವಿಯನ್ನು ಯಾರೂ ಮುಟ್ಟಬಾರದು."

"ಗಾಬರಿಯಾಗಬೇಡಿ ಪಂಡಿತರೇ," ಎಂದ ಓಬಯ್ಯ. "ಎರಡೂ ಕುಂಬಾರಗೇರಿಯ ಬಾವಿಯದೇ. ದ್ಯಾವವ್ವನೇ ಸೇದಿಕೊಟ್ಟಳು."

ಸಭೆ ಮುಸಿಮುಸಿ ನಕ್ಕಿತು. ಅರಸ ನಗಲಿಲ್ಲ. ಒಂದೇ ಬಾವಿಯ ನೀರು ಶುದ್ಧವೂ ವಿಷವೂ ಆಗುವುದು ಹೇಗೆಂದು ಕೇಳಿದ. ಅರಮನೆಯವರ ಮೈ ನಾಜೂಕು, ಕೇರಿಯವರದು ಗಟ್ಟಿ, ಹಾಗಾಗಿ ಪರೀಕ್ಷೆ ಬೇರೆ ಬೇರೆ ಎಂದು ಪಂಡಿತರು ತೊದಲಿದರು.

"ದ್ಯಾವವ್ವನ ಮೊಮ್ಮಗಳಿಗೆ ನಾಲ್ಕು ವರ್ಷ, ಪ್ರಭು," ಎಂದ ಓಬಯ್ಯ. "ಅವಳು ಎಮ್ಮೆಯಷ್ಟು ಗಟ್ಟಿಯಾಗಲು ಇನ್ನೂ ಸಮಯ ಬೇಕು."

ಅರಸ ತಲೆ ತಗ್ಗಿಸಿದ. ಅಂದೇ ತೊಟ್ಟಿಗಳನ್ನು ಎತ್ತಿಸಿದ. ಬಾವಿ ತಿಳಿಯಾಗುವವರೆಗೆ ಕೇರಿಯವರು ಅರಮನೆಯ ಬಾವಿಯಲ್ಲೇ ಸೇದಲಿ, ಇನ್ನು ಮುಂದೆ ಯಾರ ಬಾವಿಯಾದರೂ ಮೀನಿನ ಪರೀಕ್ಷೆಯೊಂದೇ ಎಂದು ಅಪ್ಪಣೆ ಮಾಡಿದ. ಮನಸ್ಸು ಹಗುರಾದ ಮೇಲೆ ಓಬಯ್ಯನತ್ತ ತಿರುಗಿದ.

"ಈ ಎಮ್ಮೆಯನ್ನೇನು ಮಾಡೋಣವಯ್ಯಾ?"

"ಆಸ್ಥಾನದಲ್ಲೇ ಇರಲಿ, ಪ್ರಭು. ಆ ನೀರನ್ನು ಶುದ್ಧ ಅಂದವರಲ್ಲಿ ಕುಡಿದು ನೋಡಿದ್ದು ಅದೊಂದೇ."