ಓಗುಡ್ಡಕ್ಕೆ ಆ ಹೆಸರು ಬಂದದ್ದು

ಕಲ್ಲಳಿವೆಯ ದೋಣಿಗರ ಕೇರಿ ಮುಗಿದಲ್ಲಿ, ಹೊಳೆ ಕಡಲಿಗೆ ಸೇರುವ ಬಾಯಿಯ ಮೇಲೆ ಒಂದು ಬೋಳುಗುಡ್ಡ ಚಾಚಿಕೊಂಡಿದೆ. ಅದರ ಹೆಸರು ಓಗುಡ್ಡ. ಆಕಾರ ಓ ಅಕ್ಷರದ ಹಾಗಿದೆಯೆಂದು ಪೇಟೆಯವರು ಫೋಟೊ ಹೊಡೆದುಕೊಂಡು ಹೋಗುತ್ತಾರೆ. ಹೋಗಲಿ, ಅವರ ಕಣ್ಣು ಅವರದು. ಕೇರಿಯ ಹಿರಿಯರು ಹೇಳುವುದೇ ಬೇರೆ, ಮತ್ತು ಅದನ್ನು ಅವರು ಗುಡ್ಡಕ್ಕೆ ಬೆನ್ನು ಹಾಕಿ ಕೂತು ಹೇಳುವುದಿಲ್ಲ.

ಹಿಂದೆ ಒಮ್ಮೆ, ಈ ಕರಾವಳಿಗೆ ದೀಪಸ್ತಂಭವಿಲ್ಲದ ಕಾಲದಲ್ಲಿ, ಮಬ್ಬು ಕವಿದಾಗ ದೋಣಿಯವರು ಗುಡ್ಡದ ಬುಡಕ್ಕೆ ಬಂದು ಮನೆಯವರ ಹೆಸರು ಹಿಡಿದು ಕೂಗುತ್ತಿದ್ದರಂತೆ. ಮೇಲಿಂದ "ಓ" ಎಂದು ಉತ್ತರ ಬಂದರೆ, ಆ ದನಿಯನ್ನು ಬಲಕ್ಕೆ ಬಿಟ್ಟುಕೊಂಡು ಬಂಡೆಗಳ ನಡುವಿನ ದಾರಿ ಹಿಡಿಯುತ್ತಿದ್ದರು. ಆದರೆ ಹೊತ್ತು ಮುಳುಗಿದ ಮೇಲೆ ಒಂದು ಕಟ್ಟುಪಾಡಿತ್ತು: ಮೊದಲೆರಡು ಕೂಗಿಗೆ ಓಗೊಡಬಾರದು. ಕಡಲಲ್ಲಿ ಸತ್ತವರು ಬೇಕಾದವರ ದನಿಯಲ್ಲೇ ಕೂಗಿ, ಓ ಎಂದವರನ್ನು ಕರೆದೊಯ್ಯುತ್ತಾರೆ. ಮೂರನೆಯ ಸಲ ಕೂಗಲು ಮಾತ್ರ ಅವರಿಂದಾಗದು ಎನ್ನುತ್ತಾರೆ.

ಆ ಕಾಲದಲ್ಲೇ ಒಮ್ಮೆ ದೊಡ್ಡ ಚಂಡಮಾರುತ ಬಂತು. ಆ ದಿನ ಬೆಳಿಗ್ಗೆ ಕಡಲು ಎಣ್ಣೆ ಹೊಯ್ದ ಹಾಗೆ ಸುಮ್ಮನಿತ್ತು. ಜಟ್ಟಿ ಎಂಬವನು ಒಬ್ಬನೇ ದೋಣಿ ಇಳಿಸಿ ಹೋದ. ಮಧ್ಯಾಹ್ನದ ಗಂಜಿ ಆಗುವಷ್ಟರಲ್ಲಿ ತೆಂಕಣ ದಿಕ್ಕು ಕಪ್ಪಾಯಿತು, ಏಡಿಗಳು ಜಗಲಿ ಹತ್ತಿದವು, ಗಾಳಿ ಮನೆಗಳ ಹುಲ್ಲುಮಾಡುಗಳನ್ನೇ ಎತ್ತಿ ಒಗೆಯಿತು. ಕೇರಿಯವರೆಲ್ಲ ಮಕ್ಕಳನ್ನೆತ್ತಿಕೊಂಡು ಒಳನಾಡಿಗೆ ಓಡಿದರು. ಜಟ್ಟಿಯ ಹೆಂಡತಿ ಹೊನ್ನಿ, ಅವನ ತಾಯಿ ಮಾಸ್ತಮ್ಮ, ಇಬ್ಬರೇ ಗುಡ್ಡದ ತುದಿಗೆ ಹೋಗಿ ಬಂಡೆ ತಬ್ಬಿ ಕೂತರು. ಅಂಗೈ ಕಾಣದಷ್ಟು ಕತ್ತಲು. ಆಗ ಬುಡದಿಂದಲೇ ಕೂಗು ಬಂತು: "ಹೊನ್ನೀ!" ಗಂಡನ ದನಿ ಅವಳಿಗೆ ತಿಳಿಯದೆ ಇದ್ದೀತೆ? ಬಾಯಿ ತೆರೆದಳು.

ಮಾಸ್ತಮ್ಮ ಅವಳ ರಟ್ಟೆ ಹಿಡಿದಳು. "ಹೊತ್ತು ಕಂತಿ ಹೋತು ತಂಗೀ, ಓ ಅನ್ಬೇಡ. ನಮ್ಮ ಜಟ್ಟಿಯೇ ಆದ್ರೆ ಮೂರು ಸಲ ಕೂಗ್ತ."

ಮತ್ತೆ ಕೂಗು ಬಂತು, ಇನ್ನೂ ಹತ್ತಿರದಿಂದ. ಹೊನ್ನಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮೂರನೆಯದಕ್ಕಾಗಿ ಇಬ್ಬರೂ ಉಸಿರು ಬಿಗಿಹಿಡಿದು ಕಾದರು. ಅದು ಬರಲಿಲ್ಲ. ಬರಲಿಲ್ಲವೆಂದು ಹೊನ್ನಿಗೆ ಸಮಾಧಾನವೇ ಆಯಿತಂತೆ, ಪಾಪ; ಕೂಗಿದ್ದು ಸತ್ತವರೇ, ಗಂಡ ಎಲ್ಲೋ ದಡ ಹತ್ತಿದ್ದಾನೆ ಎಂದುಕೊಂಡಳು. ಅಷ್ಟರಲ್ಲಿ ಗಾಳಿ ಗಕ್ಕನೆ ನಿಂತಿತು. ಚಂಡಮಾರುತದ ಕಣ್ಣು ನೆತ್ತಿಯ ಮೇಲೆ ಬಂದಾಗ ಹಾಗಾಗುತ್ತದೆ. ಮೋಡ ಬಿರಿದು, ಪಡುವಣ ಕಡಲಿನ ಮೇಲೆ, ಇನ್ನೂ ಎತ್ತರದಲ್ಲಿ, ಸೂರ್ಯ ಕಂಡ. ಹೊತ್ತು ಮುಳುಗಿರಲೇ ಇಲ್ಲ. ಕೆಳಗೆ, ದಾರಿಯಿಲ್ಲದ ಬದಿಯ ಬಂಡೆಗಳಲ್ಲಿ ಜಟ್ಟಿಯ ದೋಣಿಯ ಹಲಗೆಗಳು ತೇಲುತ್ತಿದ್ದವು. ಹೊನ್ನಿ ಸೆರಗು ಕಿತ್ತು "ಓ" ಎಂದಳು. ಅತ್ತೆ ಎಳೆದರೂ ಏಳಲಿಲ್ಲ. ಗಾಳಿ ತಿರುಗಿ ಬೀಸತೊಡಗಿದರೂ ಓ ಎನ್ನುತ್ತಲೇ ಇದ್ದಳು. ಮರುದಿನ ಜನ ಬಂದಾಗ ಗುಡ್ಡದ ಮೇಲೆ ಮಾಸ್ತಮ್ಮ ಒಬ್ಬಳೇ ಇದ್ದಳು. ನಡೆದದ್ದನ್ನು ಹೇಳಿದವಳು ಅವಳೇ. ಆಮೇಲೆ ಬದುಕಿರುವಷ್ಟು ಕಾಲ, ಯಾವ ಹೊತ್ತಿನಲ್ಲಿ ಯಾರು ಕೂಗಿದರೂ, ಆ ಮುದುಕಿ ಮೊದಲ ಸಲಕ್ಕೇ ಓಗೊಟ್ಟಳಂತೆ.

ಕಟ್ಟುಪಾಡು ಅಲ್ಲಿಗೇ ಮುರಿಯಿತು. ತೆಂಕಣ ಗಾಳಿ ಎದ್ದ ದಿನ ಹೋದವರು ಈಗಲೂ ನೋಡಬಹುದು: ಮೀನಿನ ಬುಟ್ಟಿ ಹೊತ್ತ ಹೆಂಗಸರು ಗುಡ್ಡದ ಬುಡದಲ್ಲಿ ಸರಕ್ಕನೆ ನಿಂತು, ಕಡಲಿಗೆ ಮುಖ ಮಾಡಿ, ಗಟ್ಟಿಯಾಗಿ "ಓ" ಎನ್ನುತ್ತಾರೆ. ಕರೆದದ್ದು ಯಾರು ಎಂದು ಕೇಳಿದರೆ, "ಯಾರಾದ್ರೇನು, ಕರೆದ್ರಲ್ಲ" ಎಂದು ಬುಟ್ಟಿ ಸರಿಮಾಡಿಕೊಂಡು ನಡೆಯುತ್ತಾರೆ.