ಪದ್ಮಲೆಯ ಕಾರಿಗೆ ಯಾವ ದರ?

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಪದ್ಮಲೆಯವರ ಕರೆಂಟಿನ ಕಾರಿಗೆ ಅರಮನೆಯಲ್ಲೇ ಚಾರ್ಜು ಹಾಕಬೇಕಾಗಿದೆ. ಕರೆಂಟಿಗೆ ಮೂರು ಬಗೆಯ ದರಗಳುಂಟು. ದಿನವಿಡೀ ಒಂದೇ ದರ. ಇಲ್ಲವೇ ರಾತ್ರಿ ಮಾತ್ರ ಅಗ್ಗ. ಇಲ್ಲವೇ ನಡುಹಗಲು ಮಾತ್ರ ಅಗ್ಗ. ಅವರ ಮೂರು ಒಗಟು ಬಿಡಿಸಿ ತಕ್ಕ ದರ ಆರಿಸಿದವನಿಗೆ ಅವರನ್ನೇ ಧಾರೆಯೆರೆದು ಕೊಡಲಾಗುವುದು. ತಪ್ಪಿದವನ ತಲೆ ಉಳಿಯದು!"

ಚೆಲುವರಾಯ ಮಹಾರಾಜ ಸಾರಿಸಿದ ಈ ಡಂಗುರ ಚಾಪೆ ಹೆಣೆಯುವ ಬೊಮ್ಮಯ್ಯನ ಕಿವಿಗೂ ಬಿತ್ತು. ಪದ್ಮಲೆ ವೈದ್ಯ ಕಲಿತವಳು, ಊರೂರಿಗೆ ಹೋಗಿ ಹೆರಿಗೆ ಮಾಡಿಸುವವಳು. ಬೊಮ್ಮಯ್ಯನ ಅಕ್ಕನನ್ನೂ ಕೂಸನ್ನೂ ಉಳಿಸಿದ್ದು ಅವಳೇ. ಅವತ್ತು ಕಂಡ ಆ ದಣಿದ ಮುಖವನ್ನು ಅವನು ಮರೆತಿರಲಿಲ್ಲ.

"ಹೋಗಬೇಡ ಕಣೋ, ತಲೆ ಹೋದೀತು," ಎಂದು ಅಕ್ಕ ಅತ್ತಳು.

"ನಮಗೋಸ್ಕರ ನಿದ್ದೆಗೆಟ್ಟವರು ಕಣಕ್ಕಾ," ಎಂದವನೇ ಹೊರಟ.

ಸಭೆಯಲ್ಲಿ ಪದ್ಮಲೆ ಮೊದಲ ಒಗಟು ಕೇಳಿದಳು: "ಓಡುವಾಗ ಉಣ್ಣದು, ಉಣ್ಣುವಾಗ ಓಡದು. ಏನದು?"

"ಕುದುರೆ!" ಎಂದ ನೆರೆರಾಜ್ಯದ ಯುವರಾಜನನ್ನು ಸೆರೆಮನೆಗೆ ಎಳೆದೊಯ್ದರು. ಮುಂದೆ ಬಂದ ದಂಡನಾಯಕ "ಕಾರು" ಎಂದು ಸರಿಯಾಗಿಯೇ ಹೇಳಿದ.

ಪದ್ಮಲೆ ಎರಡನೆಯದನ್ನು ಕೇಳಿದಳು: "ಸಂಜೆ ಎಲ್ಲರೂ ಒಟ್ಟಿಗೆ ಕೈಚಾಚುತ್ತಾರೆ, ಆಗ ಅದು ತುಟ್ಟಿ. ಕೇಳುವವರಿಲ್ಲದ ಹೊತ್ತಲ್ಲಿ ಅಗ್ಗ. ಕೂಡಿಡಲು ಹೋದರೆ ಮುಷ್ಟಿಗೆ ಸಿಗದು. ಏನದು?"

"ಕರೆಂಟು," ಎಂದ ದಂಡನಾಯಕ ಮೀಸೆ ತೀಡಿದ.

"ಮೂರನೆಯದು: ಎಲ್ಲರ ಮನೆಯಲ್ಲಿ ಅಗ್ಗವಾದದ್ದು ನನ್ನ ಮನೆಯಲ್ಲಿ ಮಾತ್ರ ತುಟ್ಟಿ. ಏನದು?"

"ಅದೂ ನಡುಹಗಲಿನ ಕರೆಂಟೇ! ರಾತ್ರಿ ದರ ಹಿಡಿಯಿರಿ. ಲೋಕ ಮಲಗಿರುವಾಗ ಕಾರೂ ಸುಮ್ಮನೆ ನಿಂತಿರುತ್ತದೆ."

ಪದ್ಮಲೆ ತಲೆ ತಗ್ಗಿಸಿದಳು. ಅವನನ್ನೂ ಎಳೆದೊಯ್ದರು.

ಬೊಮ್ಮಯ್ಯ ಮುಂದೆ ಬಂದ. "ಅಮ್ಮಣ್ಣಿ, ಓಡುವಾಗ ಉಣ್ಣದ್ದು ಕಾರು, ಚಾರ್ಜಿಗೆ ನಿಲ್ಲಲೇಬೇಕಲ್ಲ. ಸಂಜೆ ತುಟ್ಟಿಯಾಗೋದು ಕರೆಂಟು, ಆಗ ಮನೆಮನೇಲೂ ದೀಪ ಹಚ್ತಾರೆ. ಮೂರನೇದು..." ಅವಳ ಕೆಂಪಡರಿದ ಕಣ್ಣು ಕಂಡು ಅವನ ದನಿ ತಗ್ಗಿತು. "ಮೂರನೇದು ರಾತ್ರಿಯ ಕರೆಂಟು. ಎಲ್ಲರ ಕಾರೂ ರಾತ್ರಿ ಮನೇಲಿರುತ್ತೆ, ನಿಮ್ಮದು ಇರಲ್ಲ, ರಾತ್ರಿಯೆಲ್ಲ ಹೆರಿಗೆಗೆ ಓಡ್ತಿರುತ್ತೆ. ಕೂಸುಗಳು ಹೊತ್ತು ನೋಡಿ ಹುಟ್ಟಲ್ವಲ್ಲ. ರಾತ್ರಿ ದರ ಹಿಡಿದರೆ ಹಗಲೆಲ್ಲ ತುಟ್ಟಿ ಕರೆಂಟೇ ಸುರಿಯಬೇಕು. ನಡುಹಗಲಿನ ದರ ಆರಿಸಿಕೊಳ್ಳಿ. ಕಾರು ಚಾರ್ಜಾಗೋ ಹೊತ್ತಲ್ಲಿ ನೀವೂ ಒಂದಿಷ್ಟು ಮಲಕ್ಕೊಳ್ಳಿ."

ಪದ್ಮಲೆಯ ಕಣ್ಣು ತುಂಬಿ ಬಂತು. "ಎಲ್ಲರೂ ಬಾ ಅಂತ ಕರೆಯುವವರೇ, ಬೊಮ್ಮಯ್ಯ. ಮಲಗು ಅಂದವರು ನೀವೊಬ್ಬರೇ," ಎಂದಳು.

"ಕೇಳಪ್ಪಾ, ಅರ್ಧ ರಾಜ್ಯ ಬೇಕೇ?" ಎಂದ ರಾಜ.

"ಸೆರೆಯಲ್ಲಿರೋರನ್ನ ಬಿಟ್ಟುಬಿಡಿ, ಬುದ್ಧಿ. ಗೊತ್ತಿಲ್ಲ ಅಂತ ತಲೆ ತೆಗೆಯೋದು ಬೇಡ."

ರಾಜ ನಾಚಿ ಬಾಗಿಲು ತೆರೆಸಿದ. ಮದುವೆಯೂ ನಡೆಯಿತು.

ಒಂದು ಮಧ್ಯಾಹ್ನ ರಾಜ ಮಗಳನ್ನು ನೋಡಲು ಬಂದ. ಹೊಂಗೆಯ ನೆರಳಲ್ಲಿ ಕಾರು ಚಾರ್ಜಾಗುತ್ತಿತ್ತು. ಹೊಸ್ತಿಲಲ್ಲಿ ಕೂತಿದ್ದ ಬೊಮ್ಮಯ್ಯ ತುಟಿಯ ಮೇಲೆ ಬೆರಳಿಟ್ಟ. ಒಳಗೆ ಪದ್ಮಲೆ ಮಗುವಿನ ಹಾಗೆ ಮಲಗಿದ್ದಳು. ಮಹಾರಾಜ ಮೆಟ್ಟು ಬಿಚ್ಚಿ ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ಹೆಜ್ಜೆಯಿಡುತ್ತ ಬಂದ ದಾರಿಯಲ್ಲೇ ಹಿಂದಿರುಗಿದ.