ಬೀರಮ್ಮ ಸಾಕಿದ ಸೀಗಡಿಗಳು

ಕಡಲಂಚಿನ ಒಂದು ಊರಿನಲ್ಲಿ ಬೀರಮ್ಮ ಎಂಬುವಳು ಉಪ್ಪಿನ ಆಗರದಲ್ಲಿ ದುಡಿಯುತ್ತಿದ್ದಳು. ಮನೆಯಲ್ಲಿ ಇದ್ದದ್ದು ಅವಳು ಮತ್ತು ಮಗಳು ಲತಿಕಾ, ಇಬ್ಬರೇ. ತನ್ನ ಹಿಮ್ಮಡಿಯ ಹಾಗೆ ಮಗಳ ಹಿಮ್ಮಡಿ ಉಪ್ಪಿಗೆ ಬಿರಿಯಬಾರದು ಎಂಬುದು ಅವಳ ಹಟ. ಆರನೆಯ ತರಗತಿಗೆ ಘಟ್ಟದ ಮೇಲಿನ ವಸತಿ ಶಾಲೆಯಲ್ಲಿ ಸೀಟು ಸಿಕ್ಕಿದಾಗ ತಾನೇ ಕರೆದುಕೊಂಡು ಹೋಗಿ ಬಿಟ್ಟು ಬಂದಳು. ಬಿಟ್ಟು ಬಂದ ಮೇಲೆ ಮನೆ ಎಷ್ಟು ದೊಡ್ಡದು ಅಂತ ಗೊತ್ತಾಯಿತು.

ದೀಪಾವಳಿ ರಜೆಗೆ ಲತಿಕಾ ಒಂದು ಪೊಟ್ಟಣ ತಂದಳು. ಶಾಲೆಯ ವಿಜ್ಞಾನ ಮೇಳದಲ್ಲಿ ಗೆದ್ದ ಬಹುಮಾನ. ಮೇಲೆ ಟೋಪಿ ಹಾಕಿಕೊಂಡು ನಗುವ ಸೀಗಡಿಯ ಚಿತ್ರ, ಒಳಗೆ ಚಿಟಿಕೆಯಷ್ಟು ಕಂದು ಪುಡಿ. ಲೋಕದ ಯಾವ ಮೂಲೆಗೆ ಹೋದರೂ ಅಷ್ಟೇ, ಪೊಟ್ಟಣದ ಚಿತ್ರ ಒಳಗಿನ ಸರಕಿಗಿಂತ ಚೆಂದ ಇರುತ್ತದೆ.

"ಪುಡಿಯಲ್ಲ ಅವ್ವಿ, ಮೊಟ್ಟೆ," ಎಂದಳು ಲತಿಕಾ. "ಒಣಗಿಕೊಂಡೇ ವರ್ಷಗಟ್ಟಲೆ ಇರ್ತವೆ. ಉಪ್ಪುನೀರು ಸಿಕ್ಕಿದ್ರೆ ಏಳ್ತವೆ."

ಉಪ್ಪಿನಕಾಯಿಯ ಗಾಜಿನ ಬಾಟಲಿ ತೊಳೆದು, ಉಪ್ಪುನೀರು ತುಂಬಿಸಿ, ಪುಡಿ ಉದುರಿಸಿದರು. ಎರಡನೆಯ ದಿನ ನೀರಿನಲ್ಲಿ ಚುಕ್ಕೆಗಳು ಕುಣಿದವು. ರಜೆ ಮುಗಿಯುವಷ್ಟರಲ್ಲಿ ಚುಕ್ಕೆಗಳು ರೆಪ್ಪೆಯ ಕೂದಲಿನಷ್ಟಾಗಿ, ಅಂಗಾತ ಮಲಗಿ ಈಜತೊಡಗಿದವು.

ಬೀರಮ್ಮ ಬಗ್ಗಿ ನೋಡಿದಳು. "ಇದು ನಮ್ಮ ಆಗರದ ಹುಳ ಅಲ್ದೇನೆ? ಇದಕ್ಕೂ ಬಹುಮಾನ ಕೊಡ್ತಾರೆ ಅಂದ್ರೆ ನಂಗೆ ಬಂಗಾರದ ಪದಕ ಬರ್ಬೇಕಿತ್ತು."

ಹಾಸ್ಟೆಲಿನಲ್ಲಿ ಪ್ರಾಣಿ ಸಾಕುವಂತಿಲ್ಲ. ಹೊರಡುವ ಬೆಳಿಗ್ಗೆ ಹುಡುಗಿ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಅವ್ವಿ, ಬೇಸಿಗೆ ರಜೆಗೆ ನಾ ಬರೂವರೆಗೆ ಇವು ಬದುಕಿರ್ಬೇಕು. ಇವು ಬದುಕಿದ್ರೆ ನಾನೂ ಅಲ್ಲಿ ಇರ್ತೆ. ಸತ್ರೆ ಶಾಲೆ ಬಿಟ್ಟು ಬತ್ತೆ. ಮಾತು ಅಂದ್ರೆ ಮಾತು."

"ಆಯ್ತು, ಮಾತು."

"ನೀರು ಇಳಿದ್ರೆ ಬಾವಿ ನೀರು ಹಾಕು. ಉಪ್ಪುನೀರಲ್ಲ, ಬಾವಿದು."

"ಉಪ್ಪಿನ ವಿಷ್ಯ ನಂಗೇ ಹೇಳ್ಕೊಡ್ತಿ? ನಡಿ, ಬಸ್ಸು ಬಂತು."

ದಿನ ಕಳೆದಂತೆ ಬಿಸಿಲು ಏರಿತು. ಬಾಟಲಿಯ ನೀರು ಇಳಿಯತೊಡಗಿತು. ಬೀರಮ್ಮ ಹುಟ್ಟಿದಾಗಿನಿಂದ ಕಂಡ ಪದ್ಧತಿ ಒಂದೇ. ಆಗರದಲ್ಲಿ ಉಪ್ಪು ಕಟ್ಟುವ ಪಾತಿಯ ನೀರು ಒಣಗಿದರೆ ಅದರ ಮೇಲೆ ಇನ್ನಷ್ಟು ಉಪ್ಪುನೀರು ಬಿಡಬೇಕು. ಉಪ್ಪಿನಲ್ಲಿ ಹುಟ್ಟಿದ ಜೀವಕ್ಕೆ ಬಾವಿ ನೀರು ಹೊಯ್ದರೆ ಉಳಿಯುತ್ತದೆಯೇ? ಮಗು, ಅದಕ್ಕೇನು ಗೊತ್ತು. ಪ್ರತಿ ಭಾನುವಾರ ಆಗರದಿಂದ ಒಂದು ಚೊಂಬು ನೀರು ತಂದು ಬಾಟಲಿಗೆ ಹೊಯ್ಯುತ್ತಿದ್ದಳು.

ಮಗಳ ಜೊತೆ ಹತ್ತು ನಿಮಿಷದ ಫೋನು ಕೂಡ ಪ್ರತಿ ಭಾನುವಾರವೇ. "ನೀ ಇಲ್ದೆ ಮನೆ ಬಿಕೋ ಅಂತದೆ ಮಗಾ. ನಿನ್ನ ಬಟ್ಟಲು ಕಂಡ್ರೆ ಅಳು ಬತ್ತದೆ. ನಿನ್ನೆ ಬಂಗಡೆ ತಂದಿದ್ದೆ, ಒಬ್ಳೇ ಎಂತ ತಿನ್ನೂದು, ಬೆಕ್ಕಿಗೆ ಹಾಕ್ದೆ." ಆ ಕಡೆ ಮೂಗು ಎಳೆಯುವ ಸದ್ದು ಕೇಳಿಸುತ್ತಿತ್ತು. ಒಮ್ಮೆ ವಾರ್ಡನ್ ಫೋನು ತೆಗೆದುಕೊಂಡು, "ನಿಮ್ಮ ಹತ್ರ ಮಾತಾಡಿದ ದಿನ ಇವಳು ಊಟಾನೇ ಮಾಡಲ್ಲ ಅಮ್ಮಾ," ಎಂದರು. ಬೀರಮ್ಮನಿಗೆ ಸಂಕಟವಾಯಿತು. ಒಳಗೊಳಗೇ ಚೂರು ಹೆಮ್ಮೆಯೂ ಆಯಿತು.

ಶಿವರಾತ್ರಿ ಕಳೆದ ಒಂದು ಶನಿವಾರ ನೋಡಿದರೆ ಬಾಟಲಿಯಲ್ಲಿ ಒಂದೂ ಅಲುಗಾಡಲಿಲ್ಲ. ನೀರು ಗಂಜಿಯ ಹಾಗೆ ದಪ್ಪಗಾಗಿತ್ತು. ಅಂಚಿನಲ್ಲಿ ಉಪ್ಪಿನ ಬಿಳಿ ಹೊಪ್ಪಳೆ, ಅದರ ನಡುವೆ ಕಂದು ಗೆರೆ. ಮೊದಲು ಮನಸ್ಸಿಗೆ ಬಂದದ್ದು ದುಃಖವಲ್ಲ. ಇನ್ನು ಮಗಳು ಮನೆಗೆ ಬರುತ್ತಾಳೆ ಎಂಬ ಮಾತು. ಆ ಸಂತೋಷಕ್ಕೆ ಅವಳೇ ಹೆದರಿದಳು.

ಬಾಟಲಿ ಎತ್ತಿಕೊಂಡು ಆಗರಕ್ಕೆ ಹೋದಳು. ಅಲ್ಲಿ ಎಲ್ಲರಿಗಿಂತ ಹಿರಿಯನಾದ ಗೋಯ್ದಣ್ಣ ಬೆರಳು ಅದ್ದಿ ನಾಲಗೆಗೆ ಇಟ್ಟು ಉಗುಳಿದ.

"ಬೀರೂ, ಇದರಲ್ಲಿ ಉಪ್ಪು ಕೆರೀಬಹುದು, ಹುಳ ಸಾಕೂಕೆ ಆಗೂದಿಲ್ಲ. ಎಂತ ಹೊಯ್ತಿದ್ದೆ?"

"ಪಾತಿ ನೀರು. ಒಣಗಿದಾಗೆಲ್ಲ."

"ಒಣಗಿ ಹೋದದ್ದು ಎಂತದು? ನೀರು. ಉಪ್ಪು ಎಲ್ಲಿಗೂ ಹೋಗೂದಿಲ್ಲ, ಅಲ್ಲೇ ಕೂತಿರ್ತದೆ. ಅದರ ಮೇಲೆ ನೀನು ಮತ್ತೆ ಉಪ್ಪು ಹೊಯ್ದೆ. ಉಪ್ಪು ಬೇಕು ಅಂದವರು ಮಾಡೂ ಕೆಲಸ ಅದು. ಜೀವ ಬೇಕು ಅಂದವರದ್ದಲ್ಲ."

ಮನೆಗೆ ಮರಳುವ ದಾರಿಯುದ್ದಕ್ಕೂ ಆ ಮಾತು ಬೀರಮ್ಮನ ಜೊತೆಗೇ ನಡೆಯಿತು. ಬಾಟಲಿಯ ವಿಷಯ ಅರ್ಥವಾದದ್ದು ಆಗರದ ಕಟ್ಟೆಯ ಮೇಲೆಯೇ. ಫೋನಿನಲ್ಲಿ ಮಗಳ ಅಳುವಿನ ಮೇಲೆ ತನ್ನ ಅಳು ಹೊಯ್ಯುತ್ತಿದ್ದ ವಿಷಯ ಅರ್ಥವಾದದ್ದು ಮನೆಯ ಹೊಸ್ತಿಲಲ್ಲಿ.

ಅಂಚಿನ ಕಂದು ಗೆರೆಯನ್ನು ಉಗುರಿನಿಂದ ಕೆರೆದಳು. ಪೊಟ್ಟಣದಲ್ಲಿ ಕಂಡದ್ದೇ ಆ ಪುಡಿ. ಹಾಗಾದರೆ ಇವೂ ಮೊಟ್ಟೆಗಳು. ಮುಕ್ಕಾಲು ನೀರು ಚೆಲ್ಲಿ, ಬಾವಿ ನೀರು ತುಂಬಿಸಿ, ಪುಡಿಯನ್ನು ಅದಕ್ಕೆ ಉದುರಿಸಿದಳು.

ಮರುದಿನ ಫೋನು ಬಂತು. "ಹೆಂಗಿದ್ದಾವೆ ಅವ್ವಿ?"

ಚೆನ್ನಾಗಿದ್ದಾವೆ ಅನ್ನಬಹುದಿತ್ತು. ಸತ್ತವು, ಬಾ ಅನ್ನಬಹುದಿತ್ತು.

"ಸತ್ತು ಹೋದವು ಮಗಾ. ನನ್ನ ತಪ್ಪು. ನೀ ಬಾವಿ ನೀರು ಅಂದಿದ್ದೆ, ನಾ ಪಾತಿ ನೀರು ಹೊಯ್ದೆ."

ಆ ಕಡೆ ಮೂಗು ಎಳೆದ ಸದ್ದು. ಆಮೇಲೆ, "ಹಂಗಾರೆ ನಾ ಬತ್ತೆ. ಮಾತು ಅಂದ್ರೆ ಮಾತು."

ಬಾ ಎಂಬ ಒಂದು ಅಕ್ಷರ ಬೀರಮ್ಮನ ಬಾಯಿ ತುಂಬಿಕೊಂಡಿತ್ತು. ಅದನ್ನು ನುಂಗಿದಳು. ಬಟ್ಟಲಿನ ಮಾತು ಬಂತು, ಅದನ್ನೂ ನುಂಗಿದಳು.

"ಅಂಚಿನಲ್ಲಿ ಮೊಟ್ಟೆ ಇದ್ದಾವೆ. ನೀ ಹೇಳಿದ ಹಾಂಗೇ ಬಾವಿ ನೀರು ಹಾಕಿದ್ದೆ. ಬರೂ ಭಾನುವಾರದವರೆಗೆ ನೋಡ್ವ. ಅಲ್ಲಿವರೆಗೆ ಇರು. ಅದು ಬಿಡು, ನಿನ್ನ ಪಕ್ಕದ ಮಂಚದಲ್ಲಿ ಯಾರು ಮಲಗ್ತಾರೆ?"

ಇಷ್ಟು ತಿಂಗಳಲ್ಲಿ ಮಗಳ ಬಗ್ಗೆ ಅವಳು ಕೇಳಿದ ಮೊದಲ ಪ್ರಶ್ನೆ ಅದು.

"ಬಿಲ್ಕಿಸ್ ಅಂತ. ನಿದ್ದೆಯಲ್ಲಿ ಮಗ್ಗಿ ಹೇಳ್ತದೆ."

"ಎಷ್ಟರ ಮಗ್ಗಿ?"

"ಹದಿಮೂರರದ್ದು. ಅದೂ ತಪ್ಪು ತಪ್ಪು."

ಬೀರಮ್ಮ ನಕ್ಕಳು. ಆ ಕಡೆಯೂ ನಗು ಕೇಳಿಸಿತು. ಹತ್ತು ನಿಮಿಷ ಮುಗಿದದ್ದೇ ತಿಳಿಯಲಿಲ್ಲ.

ಮಂಗಳವಾರ ಬಾಟಲಿಯಲ್ಲಿ ಚುಕ್ಕೆಗಳು ಕುಣಿದವು. ಹೇಳೋಣ ಎಂದರೆ ಭಾನುವಾರ ಇನ್ನೂ ಐದು ದಿನ ದೂರ. ಬೆಕ್ಕಿಗೆ ಹೇಳಿದಳು. ಬೆಕ್ಕು ಬಂಗಡೆ ಬಗ್ಗೆ ಮಾತ್ರ ಕೇಳುವಂಥದ್ದು.

ಭಾನುವಾರ ಬೀರಮ್ಮ ಬಾಯಿ ತೆರೆಯುವ ಮೊದಲೇ ಲತಿಕಾ, "ತಡಿ ಅವ್ವಿ, ಮೊದ್ಲು ನಾ ಹೇಳ್ತೆ," ಎಂದು ಶುರುಮಾಡಿದಳು. ಬಿಲ್ಕಿಸ್, ಕಬಡ್ಡಿ, ಸಾರಿನಲ್ಲಿ ಸಿಕ್ಕಿದ ಚಮಚ. ಒಂಬತ್ತು ನಿಮಿಷ ಹಾಗೇ ಹೋಯಿತು. ಕೊನೆಗೆ ಏನೋ ನೆನಪಾದವಳ ಹಾಗೆ ಕೇಳಿದಳು.

"ಎದ್ದವಾ ಅವು?"

"ಎದ್ದವು."

"ಹಂಗಾರೆ ನಾ ಇಲ್ಲೇ ಇರ್ತೆ."

"ಇರು ಮಗಾ."

ಫೋನು ಇಟ್ಟ ಮೇಲೆ ಬೀರಮ್ಮ ಸುಮಾರು ಹೊತ್ತು ಬಾಟಲಿಯ ಮುಂದೆ ಕೂತಳು. ನೀರು ಒಂದು ಬೆರಳು ಇಳಿದಿತ್ತು. ಎದ್ದು ಬಾವಿಗೆ ಹೋಗಿ ಸೇದಿ ತಂದಳು. ಕಣ್ಣಿಗೆ ಬಂದದ್ದನ್ನು ಸೆರಗಿನಲ್ಲಿ ಒರೆಸಿಕೊಂಡು, ಬಾಟಲಿಗೆ ಬಾವಿ ನೀರನ್ನಷ್ಟೇ ಹೊಯ್ದಳು.

ನೀತಿ: ಅಗಲಿಕೆಯಲ್ಲಿ ಉಪ್ಪು ತಾನಾಗಿಯೇ ಉಳಿದಿರುತ್ತದೆ, ಅದನ್ನು ಯಾರೂ ತುಂಬಿಸಬೇಕಾಗಿಲ್ಲ. ದೂರ ಇರುವ ಪ್ರೀತಿಯ ಜೀವಕ್ಕೆ ನಮ್ಮ ಕೈಯಿಂದ ಸಲ್ಲಬೇಕಾದದ್ದು ಸಿಹಿನೀರು.